ಸ್ಕೀಯಿಂಗ್‌ಗೆ ಮರಳುವ ಮಹಿಳೆಯರು ಬೂಟು ಆರಿಸುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಮಹಿಳೆಯರಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲೋ ಉತ್ತರಾಖಂಡದ ಔಲಿಯಲ್ಲೋ ಸ್ಕೀಯಿಂಗ್ ಕೋರ್ಸ್ ಮುಗಿಸಿದವರು, ಯುರೋಪಿನಲ್ಲಿ ಓದುವಾಗ ಇಲ್ಲವೇ ಕೆಲಸದಲ್ಲಿದ್ದಾಗ ಸ್ಕೀಯಿಂಗ್ ಕಲಿತವರು ಇದ್ದಾರೆ. ಮದುವೆ, ಮಕ್ಕಳು, ತೋಟ, ಉದ್ಯೋಗ ಎಂದು ಬಹಳ ವರ್ಷ ಹಿಮದ ಕಡೆ ಹೋಗಲಾಗದ ಅವರು ಈಗ ಮತ್ತೆ ಹೊರಡುವಾಗ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬೂಟಿನ ಬಗ್ಗೆಯೇ ಇರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತು ಮೊಬೈಲ್ ಸಂದೇಶಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ‘ನನಗೆ ಧೈರ್ಯ ಸಾಲದು’, ‘ವಯಸ್ಸಾಯಿತು, ಇನ್ನು ಆಗುವುದಿಲ್ಲ’ ಎಂದು ಮಹಿಳೆಯರು ತಮ್ಮ ತಲೆಯ ಮೇಲೆ ಹಾಕಿಕೊಳ್ಳುವ ತಪ್ಪಿನಲ್ಲಿ ದೊಡ್ಡ ಪಾಲು ಅಳತೆ ಮೀರಿದ ಬೂಟಿನದು. ಹಿಮ್ಮಡಿ ಬೂಟಿನೊಳಗೆ ಏಳುತ್ತಿದ್ದರೆ, ಮೊಣಕಾಲು ಕೊಟ್ಟ ಆಜ್ಞೆ ಸ್ಕೀಗೆ ತಲುಪುವಷ್ಟರಲ್ಲಿ ತಿರುವು ಕಳೆದುಹೋಗಿರುತ್ತದೆ.

## ಕೊಳ್ಳುವ ಮೊದಲು

ಸ್ಕೀ ಮಾಡಿ ಹದಿನೈದು ವರ್ಷ ಆಯ್ತು. ಹಳೇ ಬೂಟು ಅಟ್ಟದ ಮೇಲೆ ಹಾಗೇ ಇದೆ, ಹೊಸದರ ಥರಾನೇ ಕಾಣ್ಸುತ್ತೆ. ಅದನ್ನೇ ಹಾಕ್ಕೊಂಡು ಹೋಗಬಹುದಾ?

ಹೋಗಬಾರದು. ಸ್ಕೀ ಬೂಟಿನ ಹೊರಕವಚವನ್ನು, ಅಂದರೆ ಶೆಲ್ ಅನ್ನು, ಹೆಚ್ಚಾಗಿ ಪಾಲಿಯುರೆಥೇನ್ ಅಥವಾ ಅದರ ಹತ್ತಿರದ ಪ್ಲಾಸ್ಟಿಕ್‌ಗಳಿಂದ ಮಾಡುತ್ತಾರೆ. ಈ ಪ್ಲಾಸ್ಟಿಕ್ ಬಳಸಿದರೂ ಬಳಸದಿದ್ದರೂ ಕಾಲ ಕಳೆದಂತೆ ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ; ತೇವ, ಬಿಸಿ ಮತ್ತು ಬಿಸಿಲು ಆ ಕೆಲಸವನ್ನು ಚುರುಕುಗೊಳಿಸುತ್ತವೆ. ನಮ್ಮ ಮಲೆನಾಡಿನ ಅಟ್ಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ, ಮೇ ತಿಂಗಳಲ್ಲಿ ಹೆಂಚಿನ ಅಡಿ ಕಾದಿರುವಾಗ, ಹದಿನೈದು ವರ್ಷ ಅಲ್ಲಿ ಕುಳಿತ ಬೂಟಿನ ಸ್ಥಿತಿ ಏನಿರಬಹುದು ಎಂಬುದನ್ನು ನೀವೇ ಊಹಿಸಬಹುದು. ಹೊರಗೆ ಹೊಳಪಿದ್ದರೂ ಮೊದಲ ಚಳಿಯ ದಿನ ಇಳಿಜಾರಿನ ಮಧ್ಯದಲ್ಲಿ ಶೆಲ್ ಬಿರಿದು ತುಂಡಾಗುವುದು ಇಂಥ ಹಳೆಯ ಬೂಟುಗಳಲ್ಲಿ ನಡೆಯುವ ಸಂಗತಿ, ಮತ್ತು ಆಗ ಸ್ಕೀ ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಪ್ಲಾಸ್ಟಿಕ್ ಗಟ್ಟಿಯಾಗಿಯೇ ಉಳಿದಿದ್ದರೂ ಒಳಗಿನ ಲೈನರ್‌ನ, ಅಂದರೆ ಬಿಚ್ಚಿ ತೆಗೆಯಬಹುದಾದ ಮೆತ್ತನೆಯ ಒಳಬೂಟಿನ, ಫೋಮ್ ಕುಗ್ಗಿರುತ್ತದೆ, ಬೂಸ್ಟು ಹಿಡಿದಿರುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಆ ಬೂಟು ಹದಿನೈದು ವರ್ಷದ ಹಿಂದಿನ ನಿಮ್ಮ ಕಾಲಿಗೆ ಕೊಂಡದ್ದು.

ಅಲ್ಲೇ ಬಾಡಿಗೆಗೆ ಸಿಗುತ್ತಲ್ಲಾ, ಸುಮ್ನೆ ಯಾಕೆ ದುಡ್ಡು ಹಾಕೋದು ಅಂತಾರೆ ನಮ್ಮನೆಯವರು.

ಮರಳುವ ಮೊದಲ ವರ್ಷ ಬಾಡಿಗೆಯೇ ಸಾಕು ಎಂಬುದು ತಪ್ಪಲ್ಲ. ಸ್ಕೀಯಿಂಗ್ ಮತ್ತೆ ಹಿಡಿಸುತ್ತದೆಯೋ ಇಲ್ಲವೋ ಎಂದು ತಿಳಿಯುವ ಮೊದಲು ಬೂಟು ಕೊಳ್ಳುವ ಅಗತ್ಯವಿಲ್ಲ. ಆದರೆ ಬಾಡಿಗೆಯ ಬೂಟು ನೂರಾರು ಕಾಲುಗಳನ್ನು ಕಂಡಿರುವುದರಿಂದ ಅದರ ಲೈನರ್ ಎಲ್ಲ ಕಡೆಯೂ ಹಿಗ್ಗಿರುತ್ತದೆ. ಬೇಗ ಹಾಕಿ ಬೇಗ ಕಳಿಸಬೇಕೆಂಬ ಅವಸರದಲ್ಲಿ ಒಂದು ಅಳತೆ ದೊಡ್ಡದನ್ನೇ ಕೊಡುವುದೂ ವಾಡಿಕೆಯಾಗಿದೆ, ಏಕೆಂದರೆ ದೊಡ್ಡ ಬೂಟಿನ ಬಗ್ಗೆ ಅಂಗಡಿಯಲ್ಲಿ ಯಾರೂ ದೂರುವುದಿಲ್ಲ. ಆದ್ದರಿಂದ ಬಾಡಿಗೆಗೆ ಪಡೆಯುವಾಗಲೂ ನಿಮ್ಮ ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಬರೆದುಕೊಂಡು ಹೋಗಿ, ಹಿಮಕ್ಕಿಳಿಯುವ ಹಿಂದಿನ ಸಂಜೆಯೇ ಅಂಗಡಿಗೆ ಹೋಗಿ ನಿಧಾನವಾಗಿ ನೋಡಿ. ಎರಡನೆಯ ವರ್ಷವೂ ಹೋಗುವುದು ಖಚಿತವಾದರೆ ಮೊದಲು ಕೊಳ್ಳಬೇಕಾದದ್ದು ಬೂಟು. ಸ್ಕೀ, ಕೋಲು, ಹೆಲ್ಮೆಟ್ಟುಗಳನ್ನು ಎಷ್ಟು ವರ್ಷ ಬೇಕಾದರೂ ಬಾಡಿಗೆಗೆ ಪಡೆಯಬಹುದು.

ನನ್ನ ಚಪ್ಪಲಿ ಸೈಜು ಆರು. ಸ್ಕೀ ಬೂಟಲ್ಲಿ ಅದು ಎಷ್ಟಾಗುತ್ತೆ?

ಚಪ್ಪಲಿಯ ಸಂಖ್ಯೆಯನ್ನು ಇಲ್ಲಿ ಮರೆತುಬಿಡುವುದೇ ಒಳ್ಳೆಯದು, ಏಕೆಂದರೆ ಅದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸ್ಕೀ ಬೂಟಿಗೆ ಮಾಂಡೋಪಾಯಿಂಟ್ ಎಂಬ ಅಳತೆಯಿದೆ. ಅದು ಪಾದದ ಉದ್ದವನ್ನು ಸೆಂಟಿಮೀಟರ್‌ಗಳಲ್ಲಿ ಹೇಳುವ ಸಂಖ್ಯೆ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗ ಅಳೆಯಿರಿ. ಗೋಡೆಗೆ ತಾಗಿಸಿ ಹಾಳೆಯೊಂದನ್ನು ನೆಲದ ಮೇಲಿಟ್ಟು, ಬರಿಗಾಲಿನಲ್ಲಿ ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಹಾಕಿ, ಅತಿ ಉದ್ದದ ಬೆರಳಿನ ತುದಿಯನ್ನು ಬೇರೆಯವರಿಂದ ಗುರುತು ಹಾಕಿಸಿ. ನೀವೇ ಬಗ್ಗಿ ಗುರುತು ಹಾಕಿದರೆ ಪಾದ ಸರಿದು ಅಳತೆ ತಪ್ಪುತ್ತದೆ. ಎರಡೂ ಪಾದಗಳನ್ನು ಅಳೆಯಬೇಕು. ಹೆಚ್ಚಿನವರಲ್ಲಿ ಒಂದು ಸ್ವಲ್ಪ ಉದ್ದವಿರುತ್ತದೆ. ಉದ್ದ 24.3 ಸೆಂಟಿಮೀಟರ್ ಬಂದರೆ ನೀವು ಮೊದಲು ನೋಡಬೇಕಾದ ಅಳತೆ 24.5.

ಕೊಳ್ಳುವವರನ್ನು ಸಾಮಾನ್ಯವಾಗಿ ಗೊಂದಲಗೊಳಿಸುವ ವಿಷಯವೊಂದು ಇಲ್ಲಿದೆ. ಹೆಚ್ಚಿನ ಕಂಪನಿಗಳಲ್ಲಿ 24 ಮತ್ತು 24.5 ಎಂದು ಬರೆದ ಬೂಟುಗಳ ಶೆಲ್ ಒಂದೇ ಆಗಿರುತ್ತದೆ, ವ್ಯತ್ಯಾಸ ಒಳಗಿನ ಅಟ್ಟೆಯಲ್ಲಿ ಮಾತ್ರ. ಆದ್ದರಿಂದ 24.5 ಬಿಗಿಯೆನಿಸಿತೆಂದು 25ಕ್ಕೆ ಹೋದರೆ ನೀವು ಅರ್ಧ ಅಳತೆ ಮೇಲೆ ಹೋದಂತಲ್ಲ, ಇಡೀ ಶೆಲ್ ಬದಲಾಯಿಸಿದಂತೆ.

ಹೆರಿಗೆ ಆದ್ಮೇಲೆ ಪಾದಾನೂ ದೊಡ್ಡದಾಗುತ್ತಂತೆ, ನಿಜಾನಾ?

ಬಹಳಷ್ಟು ಮಹಿಳೆಯರಲ್ಲಿ ನಿಜ. ಗರ್ಭಿಣಿಯಾಗಿದ್ದಾಗ ಕೀಲುಗಳ ಕಟ್ಟುಗಳು ಸಡಿಲವಾಗುವುದರ ಜೊತೆಗೆ ದೇಹದ ತೂಕವೂ ಹೆಚ್ಚುವುದರಿಂದ ಅಂಗಾಲಿನ ಕಮಾನು ತಗ್ಗುತ್ತದೆ. ಕಮಾನು ತಗ್ಗಿದಂತೆ ಪಾದ ಕೆಲವು ಮಿಲಿಮೀಟರ್ ಉದ್ದವೂ ಅಗಲವೂ ಆಗುತ್ತದೆ, ಮತ್ತು ಹೆರಿಗೆಯ ಊತ ಇಳಿದ ಮೇಲೂ ಈ ಬದಲಾವಣೆ ಹಾಗೆಯೇ ಉಳಿಯಬಹುದು. ಮಕ್ಕಳಾಗದವರಲ್ಲೂ ವಯಸ್ಸಿನೊಂದಿಗೆ ಕಮಾನು ತಗ್ಗುವುದು, ಹೆಬ್ಬೆರಳಿನ ಬುಡದಲ್ಲಿ ಗಂಟು ಬೆಳೆಯುವುದು, ಅಂಗಾಲಿನ ಕೊಬ್ಬಿನ ಮೆತ್ತೆ ತೆಳುವಾಗುವುದು ಸಾಮಾನ್ಯ. ಸ್ಕೀ ಬೂಟಿನಲ್ಲಿ ಮೂರ್ನಾಲ್ಕು ಮಿಲಿಮೀಟರ್ ಎಂದರೆ ಸಣ್ಣ ವ್ಯತ್ಯಾಸವಲ್ಲ. ಹಾಗಾಗಿ ಹಳೆಯ ಬೂಟಿನ ಮೇಲೆ ಬರೆದ ಸಂಖ್ಯೆಯನ್ನು ಅಂಗಡಿಯವರಿಗೆ ಹೇಳದೆ ಹೊಸದಾಗಿ ಅಳೆದ ಸಂಖ್ಯೆಯನ್ನು ಹೇಳಿ.

ಎಷ್ಟು ಬಿಗಿ ಇದ್ರೆ ಸರಿ? ಟ್ರೆಕ್ಕಿಂಗ್ ಶೂ ತಗೊಳ್ಳುವಾಗ ಒಂದು ಬೆರಳು ಜಾಗ ಬಿಡ್ತೀವಲ್ಲ, ಹಾಗೇನಾ?

ಹಾಗಲ್ಲ, ಮತ್ತು ನಮ್ಮ ಕಡೆಯವರು ಎಡವುವುದು ಮುಖ್ಯವಾಗಿ ಇಲ್ಲಿಯೇ. ಮುಳ್ಳಯ್ಯನಗಿರಿಯನ್ನೋ ಕುದುರೆಮುಖವನ್ನೋ ಹತ್ತಿ ಇಳಿಯುವ ಶೂಗಳಲ್ಲಿ ಬೆರಳಿನ ಮುಂದೆ ಜಾಗ ಬೇಕು, ಏಕೆಂದರೆ ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ. ಸ್ಕೀ ಬೂಟಿನಲ್ಲಿ ಪಾದ ಎಲ್ಲಿಗೂ ಜಾರಬಾರದು. ಆ ಬೂಟನ್ನು ನಡೆಯುವುದಕ್ಕಾಗಿ ಮಾಡಿಲ್ಲ. ಕಾಲಿನ ಸಣ್ಣ ಚಲನೆಯೂ ಸ್ಕೀಗೆ ಮುಟ್ಟುವಂತೆ ಪಾದವನ್ನು ಸುತ್ತಲಿಂದ ಹಿಡಿಯುವುದಕ್ಕೆ ಮಾಡಿದ್ದಾರೆ.

ಸರಿಯಾದ ಅಳತೆಯನ್ನು ತಿಳಿಯಲು ಅತ್ಯಂತ ನಂಬಲರ್ಹವಾದ ವಿಧಾನವೆಂದರೆ ಶೆಲ್ ಪರೀಕ್ಷೆ. ಲೈನರ್ ಅನ್ನು ಹೊರಗೆ ಎಳೆದಿಟ್ಟು, ತೆಳುವಾದ ಕಾಲ್ಚೀಲ ಹಾಕಿದ ಪಾದವನ್ನು ಬರಿಯ ಶೆಲ್‌ನೊಳಗಿಟ್ಟು, ಬೆರಳುಗಳು ಮುಂದಿನ ಗೋಡೆಗೆ ಹಗುರವಾಗಿ ಮುಟ್ಟುವಷ್ಟು ಮುಂದೆ ಸರಿಯಿರಿ. ಈಗ ಹಿಮ್ಮಡಿಗೂ ಹಿಂದಿನ ಗೋಡೆಗೂ ನಡುವೆ ಉಳಿದ ಜಾಗವನ್ನು ನೋಡಬೇಕು. ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ದರೆ ಮರಳಿ ಬರುತ್ತಿರುವ ಹೆಚ್ಚಿನ ಮಹಿಳೆಯರಿಗೆ ಅದು ತಕ್ಕ ಅಳತೆ. ಒಂದರಿಂದ ಒಂದೂವರೆ ಇದ್ದರೆ ಚುರುಕಾಗಿ ಸ್ಕೀ ಮಾಡುವವರಿಗೆ ಒಪ್ಪುತ್ತದೆ. ಎರಡನ್ನು ಮೀರಿ ಎರಡೂವರೆಯ ಹತ್ತಿರ ಹೋದರೆ, ಹಾಕಿಕೊಂಡಾಗ ಎಷ್ಟೇ ಹಿತವೆನಿಸಲಿ, ಆ ಬೂಟನ್ನು ಕೆಳಗಿಡಿ.

ಶೆಲ್ ಒಪ್ಪಿತೆಂದಾದ ಮೇಲೆ ಲೈನರ್ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಮೊದಲು ಕಣಕಾಲಿನ ಮೇಲಿನ ಬಕಲ್, ಆಮೇಲೆ ಮೇಲಿನವು, ಕೊನೆಗೆ ಬೆರಳುಗಳ ಕಡೆಯದನ್ನು ಬರಿದೇ ಮುಟ್ಟಿಸಿದಂತೆ ಹಾಕಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗುತ್ತದೆ. ಮೊಣಕಾಲನ್ನು ಮುಂದಕ್ಕೆ ಬಾಗಿಸಿ ಕಾಲನ್ನು ಬೂಟಿನ ನಾಲಿಗೆಗೆ ಒತ್ತಿದಾಗ ಹಿಮ್ಮಡಿ ಹಿಂದೆ ಸರಿದು ಬೆರಳು ಬಿಡಿಸಿಕೊಳ್ಳುತ್ತದೆ. ಈ ಎರಡೂ ಆಗಬೇಕು. ನೆಟ್ಟಗೆ ನಿಂತಾಗ ಬೆರಳು ತಾಗಿತೆಂದು ಗಾಬರಿಯಾಗಿ ದೊಡ್ಡದನ್ನು ಕೇಳಿದವರೇ ಮುಂದೆ ಅಳತೆ ಮೀರಿದ ಬೂಟಿನಲ್ಲಿ ಸಿಕ್ಕಿಕೊಳ್ಳುವವರು. ಕಾಲನ್ನು ಸುತ್ತಲೂ ಒಂದೇ ಸಮನೆ ಹಿಡಿದಿರುವ ಬಿಗಿ ಒಳ್ಳೆಯದು. ಒಂದೇ ಚುಕ್ಕೆಯಲ್ಲಿ ಚುಚ್ಚುವ ನೋವು, ಜುಮ್ಮೆನ್ನುವ ಮರಗಟ್ಟುವಿಕೆ ಒಳ್ಳೆಯದಲ್ಲ. ಇವೆರಡನ್ನು ಬೇರ್ಪಡಿಸಿ ಅರಿಯಲು ಕನಿಷ್ಠ ಇಪ್ಪತ್ತು ನಿಮಿಷ ಬೂಟಿನಲ್ಲೇ ಇರಬೇಕು. ಹೊಸ ಲೈನರ್ ಕೆಲವು ದಿನಗಳ ಬಳಕೆಯಲ್ಲಿ ಕುಗ್ಗಿ ಇನ್ನಷ್ಟು ಜಾಗ ಕೊಡುತ್ತದೆ ಎಂಬುದನ್ನೂ ಮನಸ್ಸಿನಲ್ಲಿಡಿ. ಅಂಗಡಿಯಲ್ಲಿ ಮನೆಯ ಚಪ್ಪಲಿಯಂತೆ ಆರಾಮವಾಗಿದ್ದ ಬೂಟು ಹಿಮದ ಮೇಲೆ ವಾರದೊಳಗೆ ಸಡಿಲವಾಗಿಯೇ ತೀರುತ್ತದೆ.

## ಹೆಣ್ಣಿನ ಕಾಲಿಗೆ ಸಂಬಂಧಿಸಿದವು

ಲೇಡೀಸ್ ಬೂಟು ಅಂದ್ರೆ ಬರೀ ಬಣ್ಣ ಬೇರೆ, ರೇಟು ಬೇರೆ, ಅಷ್ಟೇನಾ?

ಕೆಲವು ಅಗ್ಗದ ಮಾದರಿಗಳ ಬಗ್ಗೆ ಈ ಅನುಮಾನ ನ್ಯಾಯವೇ. ಆದರೆ ಒಳ್ಳೆಯ ಮಾದರಿಗಳಲ್ಲಿ ವ್ಯತ್ಯಾಸ ನಿಜವಾದದ್ದು. ಸಾಮಾನ್ಯವಾಗಿ ಹೆಣ್ಣಿನ ಮೀನಖಂಡದ ಸ್ನಾಯು ಗಂಡಸರಿಗಿಂತ ಕೆಳಗಿನವರೆಗೆ ಇಳಿದಿರುತ್ತದೆ, ಮೊಣಕಾಲಿನಿಂದ ಪಾದದವರೆಗಿನ ಉದ್ದವೂ ಕಡಿಮೆ ಇರುತ್ತದೆ. ಆದ್ದರಿಂದ ಗಂಡಸರ ಬೂಟಿನ ಕಫ್, ಅಂದರೆ ಕಣಕಾಲಿನಿಂದ ಮೇಲಿನ ಭಾಗ, ಅವಳ ಮೀನಖಂಡದ ಉಬ್ಬನ್ನೇ ಹಿಚುಕುತ್ತದೆ ಮತ್ತು ಕಾಲನ್ನು ಬೇಡವಾದಷ್ಟು ಮುಂದಕ್ಕೆ ತಳ್ಳುತ್ತದೆ. ಮಹಿಳೆಯರ ಬೂಟಿನಲ್ಲಿ ಕಫ್ ಗಿಡ್ಡವಾಗಿ, ಮೇಲ್ಭಾಗ ಅಗಲಕ್ಕೆ ತೆರೆದುಕೊಂಡಿರುತ್ತದೆ. ಹೆಣ್ಣಿನ ಪಾದ ಮುಂದೆ ಅಗಲವಿದ್ದರೂ ಹಿಮ್ಮಡಿ ಕಿರಿದಾಗಿರುವುದು ಹೆಚ್ಚು. ಅದಕ್ಕಾಗಿ ಲೈನರ್‌ನ ಹಿಮ್ಮಡಿಯ ಗುಳಿಯನ್ನು ಕಿರಿದು ಮಾಡಿರುತ್ತಾರೆ. ಹೀಗಿದ್ದರೂ ಉದ್ದನೆಯ ತೆಳ್ಳನೆಯ ಕಾಲಿರುವ ಮಹಿಳೆಗೆ ಗಂಡಸರ ಮಾದರಿಯೇ ಚೆನ್ನಾಗಿ ಒಪ್ಪಬಹುದು. ಡಬ್ಬಿಯ ಮೇಲೆ ಬರೆದದ್ದು ಏನೇ ಇರಲಿ, ತೀರ್ಮಾನವನ್ನು ಕಾಲಿಗೆ ಬಿಡಬೇಕು.

ನನ್ನ ಮೀನಖಂಡ ದಪ್ಪ. ಮೇಲಿನ ಬಕಲ್ ಹಾಕೋಕೇ ಬರಲ್ಲ, ಅಂಗಡೀಲಿ ನಾಚಿಕೆ ಆಗುತ್ತೆ.

ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಗುಡ್ಡದ ತೋಟದಲ್ಲಿ ದಿನವೂ ಹತ್ತಿ ಇಳಿಯುವವರ ಮೀನಖಂಡ ಬಲವಾಗಿಯೇ ಇರುತ್ತದೆ, ಅದು ಸ್ಕೀಯಿಂಗ್‌ಗೆ ಆಸ್ತಿ. ಹೆಚ್ಚಿನ ಬೂಟುಗಳಲ್ಲಿ ಬಕಲ್ ಸಿಕ್ಕಿಸುವ ಹಲ್ಲುಪಟ್ಟಿಯನ್ನು ಸ್ಕ್ರೂ ಬಿಚ್ಚಿ ಹೊರಗಿನ ತೂತಿಗೆ ಸರಿಸಬಹುದು. ಕಫ್‌ನ ಹಿಂಭಾಗದಲ್ಲಿ ಸ್ಪಾಯ್ಲರ್ ಎಂಬ ತುಂಡು ಇದ್ದರೆ ಅದನ್ನು ತೆಗೆದರೂ ಮೀನಖಂಡಕ್ಕೆ ಜಾಗ ಸಿಗುತ್ತದೆ. ಇಷ್ಟರಿಂದಲೂ ಆಗದಿದ್ದರೆ ಕಫ್‌ನ ಪ್ಲಾಸ್ಟಿಕ್ ಅನ್ನು ಬಿಸಿ ಮಾಡಿ ಹೊರಕ್ಕೆ ಅಗಲಿಸುವುದನ್ನು ಬೂಟ್ ಫಿಟ್ಟರ್, ಅಂದರೆ ಸ್ಕೀ ಬೂಟನ್ನು ಕಾಲಿಗೆ ಹೊಂದಿಸುವ ಪರಿಣತರು, ಮಾಡಿಕೊಡುತ್ತಾರೆ. ಮಾಡಬಾರದ ಕೆಲಸವೊಂದೇ: ಮೀನಖಂಡಕ್ಕೆ ಜಾಗ ಬೇಕೆಂದು ಉದ್ದದಲ್ಲಿ ದೊಡ್ಡ ಬೂಟು ಕೊಳ್ಳುವುದು.

ಚಿಕ್ಕಂದಿನಿಂದ ಬರಿಗಾಲು, ಇಲ್ಲಾಂದ್ರೆ ಹವಾಯಿ ಚಪ್ಪಲಿ. ಪಾದ ಮುಂದೆ ಅಗಲ, ಹಿಂದೆ ಸಪೂರ. ಯಾವ ಬೂಟೂ ಕೂರಲ್ಲ.

ಬರಿಗಾಲಲ್ಲಿ ನಡೆದು ಬೆಳೆದ ಪಾದದ ಮುಂಭಾಗ ಅಗಲವಾಗಿ ಹರಡಿರುವುದು ಸಹಜ. ಸ್ಕೀ ಬೂಟಿನ ಅಗಲವನ್ನು ಲಾಸ್ಟ್ ಎನ್ನುತ್ತಾರೆ; ಅದನ್ನು ಬೂಟಿನ ವಿವರದಲ್ಲಿ ಮಿಲಿಮೀಟರ್‌ಗಳಲ್ಲಿ ಬರೆದಿರುತ್ತಾರೆ. ಸುಮಾರಾಗಿ 98 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಕಿರಿದು, 100ರ ಆಸುಪಾಸಿನದು ಮಧ್ಯಮ, 102 ಮತ್ತು ಅದರ ಮೇಲಿನವು ಅಗಲ. ಈ ಸಂಖ್ಯೆ ಕಂಪನಿ ಆಯ್ದುಕೊಂಡ ಒಂದು ಮಾದರಿ ಅಳತೆಗೆ ಸಂಬಂಧಿಸಿದ್ದು. ಬೂಟು ಚಿಕ್ಕದಾದಂತೆ ನಿಜವಾದ ಅಗಲವೂ ಕಡಿಮೆಯಾಗುತ್ತದೆ. ಹಾಗಾಗಿ 23.5ರ ಬೂಟಿನಲ್ಲಿ 100 ಎಂದು ಬರೆದಿದ್ದರೂ ಒಳಗೆ ಅಷ್ಟು ಅಗಲ ಸಿಗದಿರಬಹುದು.

ಮುಂದೆ ಅಗಲ, ಹಿಂದೆ ಸಪೂರ ಎನ್ನುವವರಿಗೆ ನನ್ನ ಸಲಹೆ ಇಷ್ಟು: ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ ಬೂಟನ್ನು ಮೊದಲು ಆರಿಸಿ, ಮುಂದಿನ ಅಗಲವನ್ನು ಆಮೇಲೆ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ಅನ್ನು ಹೊರಕ್ಕೆ ಹಿಗ್ಗಿಸುವುದು ಸುಲಭ, ದೊಡ್ಡದಾದ ಹಿಮ್ಮಡಿಯ ಗುಳಿಯನ್ನು ಕಿರಿದಾಗಿಸುವುದು ಕಷ್ಟ. ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸಬಲ್ಲ ಶೆಲ್‌ಗಳನ್ನು ಹಲವು ಕಂಪನಿಗಳು ಈಗ ತಯಾರಿಸುತ್ತಿವೆ, ಇಂಥ ಪಾದಕ್ಕೆ ಅವು ಬಹಳ ಉಪಕಾರಿ.

ಕಾಲುಂಗುರ, ಕಾಲುಚೈನು ತೆಗೀಲೇಬೇಕಾ? ಮನೇಲಿ ಅತ್ತೆಗೆ ಬೇಜಾರಾಗುತ್ತೆ.

ಕಾಲುಚೈನನ್ನು ತೆಗೆಯಲೇಬೇಕು. ಬೂಟಿನ ನಾಲಿಗೆ ಕಣಕಾಲಿನ ಮುಂಭಾಗವನ್ನು ಒತ್ತಿ ಹಿಡಿಯುವ ಜಾಗದಲ್ಲೇ ಅದು ಕೂರುವುದರಿಂದ ಅರ್ಧ ಗಂಟೆಯಲ್ಲಿ ಚರ್ಮಕ್ಕೆ ಅಚ್ಚೊತ್ತುತ್ತದೆ. ಕಾಲುಂಗುರವನ್ನೂ ತೆಗೆಯುವುದೇ ಸರಿ, ಏಕೆಂದರೆ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿರುವ ಆ ಜಾಗದಲ್ಲಿ ಲೋಹದ ಬಳೆಯೊಂದು ಪಕ್ಕದ ಬೆರಳನ್ನು ಕೊರೆಯುತ್ತದೆ, ಚಳಿಗೆ ತಣ್ಣಗಾಗುತ್ತದೆ, ಬೆರಳು ಊದಿದರೆ ಬಿಚ್ಚಲು ಬರುವುದಿಲ್ಲ. ಬೂಟಿನೊಳಗೆ ಕಾಲು ಇರುವಷ್ಟು ಹೊತ್ತು ಮಾತ್ರ ಎಂದು ತಿಳಿಸಿ ಹೇಳಿದರೆ ಹಿರಿಯರು ಸಾಮಾನ್ಯವಾಗಿ ಒಪ್ಪುತ್ತಾರೆ. ತೆಗೆಯಲು ಮನಸ್ಸೇ ಬಾರದವರು ಕಲ್ಲು, ಮುತ್ತು, ಉಬ್ಬುಗಳಿಲ್ಲದ ತೆಳುವಾದ ಚಪ್ಪಟೆ ಉಂಗುರವನ್ನು ಹಾಕಿ, ಬೂಟು ಕೊಳ್ಳುವಾಗಲೂ ಅದೇ ಉಂಗುರದೊಂದಿಗೆ ಪರೀಕ್ಷಿಸಬೇಕು.

ನಂಗೆ ಕಾಲು ಬೇಗ ಥಂಡಿ ಹಿಡಿಯುತ್ತೆ. ಎರಡು ಜೊತೆ ಉಲ್ಲನ್ ಸಾಕ್ಸ್ ಹಾಕ್ಕೊಂಡ್ರೆ ಆಗಲ್ವಾ?

ಎರಡು ಜೊತೆ ಹಾಕಿದರೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಕಾಲನ್ನು ಬೆಚ್ಚಗಿಡುವುದು ರಕ್ತದ ಓಟ. ದಪ್ಪ ಕಾಲ್ಚೀಲ ಬೂಟಿನೊಳಗಿನ ಜಾಗವನ್ನು ತುಂಬಿ ಆ ಓಟವನ್ನೇ ತಡೆಯುತ್ತದೆ, ಎರಡು ಪದರಗಳ ನಡುವೆ ಬೀಳುವ ಮಡಿಕೆ ಗುಳ್ಳೆ ಎಬ್ಬಿಸುತ್ತದೆ. ಮೊಣಕಾಲಿನವರೆಗೆ ಬರುವ, ಮೆರಿನೋ ಉಣ್ಣೆಯ ಅಥವಾ ಸಿಂಥೆಟಿಕ್ ನೂಲಿನ ಒಂದೇ ಒಂದು ತೆಳು ಜೊತೆ ಸಾಕು. ಹತ್ತಿಯದು ಬೇಡ, ಅದು ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಹಾಕುವ ಲೆಗ್ಗಿಂಗ್ಸ್ ಬೂಟಿನ ಮೇಲಂಚಿನಲ್ಲೇ ನಿಲ್ಲಬೇಕು, ಕಾಲ್ಚೀಲದ ಹೊರತು ಬೇರೆ ಯಾವುದೂ ಬೂಟಿನೊಳಗೆ ಇಳಿಯಬಾರದು.

ಕಾಲು ತಣ್ಣಗಾಗಲು ಇನ್ನೊಂದು ಕಾರಣ ಪಾದದ ಮೇಲ್ಭಾಗದ ಬಕಲ್ ಅನ್ನು ಅತಿಯಾಗಿ ಬಿಗಿಯುವುದು, ಏಕೆಂದರೆ ಬೆರಳುಗಳಿಗೆ ಹೋಗುವ ರಕ್ತನಾಳ ಅಲ್ಲಿಯೇ ಹಾದುಹೋಗುತ್ತದೆ. ಬೂಟು ದೊಡ್ಡದಾದವರು ಸಡಿಲವನ್ನು ಮುಚ್ಚಲು ಆ ಬಕಲ್ ಅನ್ನೇ ಎಳೆದೆಳೆದು ಹಾಕುವುದರಿಂದ, ದೊಡ್ಡ ಬೂಟಿನಲ್ಲೇ ಕಾಲು ಹೆಚ್ಚು ಮರಗಟ್ಟುವುದುಂಟು. ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ನಲ್ಲಿ ಕುಳಿತಾಗ ಬಕಲ್‌ಗಳನ್ನು ಸಡಿಲಿಸಿ ಬೆರಳುಗಳನ್ನು ಆಡಿಸಿ. ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಅಲ್ಲಿಯ ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೆಯ ಹಂತ 3,900 ಮೀಟರ್‌ಗೂ ಮೇಲಕ್ಕೆ ಒಯ್ಯುತ್ತದೆ. ಅಲ್ಲಿಯ ಚಳಿಗೆ ಬ್ಯಾಟರಿಯಿಂದ ಬಿಸಿಯಾಗುವ ಕಾಲ್ಚೀಲ ಒಳ್ಳೆಯ ಹೂಡಿಕೆ. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಹೊರಡುವ ಮೊದಲು ವೈದ್ಯರನ್ನು ಕಾಣಲೇಬೇಕು, ಏಕೆಂದರೆ ಬೂಟು ಕೊರೆಯುತ್ತಿರುವುದು ಅವರಿಗೆ ತಿಳಿಯದೇ ಹೋಗಬಹುದು.

## ಇನ್ನೂ ಆಳಕ್ಕೆ

ಫ್ಲೆಕ್ಸ್ ಅಂತ ನಂಬರ್ ಇರುತ್ತಲ್ಲ, ಲೇಡೀಸ್‌ಗೆ 60 ಸಾಕು ಅಂತಾರೆ. ಅದು ಸರಿನಾ?

ಬೂಟು ಮುಂದಕ್ಕೆ ಬಾಗಲು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದನ್ನು ಸೂಚಿಸುವ ಸಂಖ್ಯೆ ಫ್ಲೆಕ್ಸ್. ಮಹಿಳೆಯರ ಬೂಟುಗಳಲ್ಲಿ 50ರಿಂದ 70ರವರೆಗಿನವು ಕಲಿಯುವವರಿಗೆ, 70ರಿಂದ 90 ಮಧ್ಯಮದವರಿಗೆ, 90ರ ಮೇಲಿನವು ನುರಿತವರಿಗೆ ಎಂಬುದು ರೂಢಿಯ ಲೆಕ್ಕ. ಇದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಮಾನದಂಡವಿಲ್ಲ, ಒಂದು ಕಂಪನಿಯ 80 ಇನ್ನೊಂದರ 90ರಷ್ಟು ಗಡುಸಾಗಿರಬಹುದು. ಚಳಿಯಲ್ಲಿ ಪ್ಲಾಸ್ಟಿಕ್ ಬಿಗಿಯುವುದರಿಂದ ಬೆಂಗಳೂರಿನಲ್ಲಿ ಮೆತ್ತಗೆ ಬಾಗಿದ ಬೂಟು ಹಿಮದಲ್ಲಿ ಗಡುಸಾಗುತ್ತದೆ.

ಹೆಣ್ಣು ಎಂದ ಮಾತ್ರಕ್ಕೆ ಅತಿ ಮೆತ್ತನೆಯ ಬೂಟನ್ನು ಕೈಗಿಡುವುದನ್ನು ನಾನು ಒಪ್ಪುವುದಿಲ್ಲ. ಹಿಂದೆ ಆತ್ಮವಿಶ್ವಾಸದಿಂದ, ಎರಡೂ ಸ್ಕೀಗಳನ್ನು ಸಮಾನಾಂತರವಾಗಿಟ್ಟು ತಿರುವುಗಳನ್ನು ಹಾಕುತ್ತಿದ್ದ ಮಹಿಳೆಗೆ ಕೌಶಲ ಎರಡು ಮೂರು ದಿನಗಳಲ್ಲಿ ಮರಳುತ್ತದೆ. ಆಗ 60ರ ಬೂಟು ಅವಳ ಭಾರಕ್ಕೆ ಕುಸಿದು ಆಧಾರ ಕೊಡದೆ ಹೋಗುತ್ತದೆ. ಸಾಧಾರಣ ಮೈಕಟ್ಟಿನ, ಹಿಂದೆ ಚೆನ್ನಾಗಿ ಸ್ಕೀ ಮಾಡಿದ ಮಹಿಳೆಗೆ 75ರಿಂದ 85ರ ನಡುವೆ ಹುಡುಕಲು ಹೇಳುತ್ತೇನೆ. ತೂಕ ಹೆಚ್ಚಿರುವವರು, ಎತ್ತರದವರು ಇನ್ನೂ ಸ್ವಲ್ಪ ಮೇಲೆ ಹೋಗಬಹುದು. ಕಾಲನ್ನು ಮುಂದೊತ್ತಿದಾಗ ಬೂಟು ನಿಧಾನವಾಗಿ, ಒಂದೇ ಸಮನೆ ಬಾಗಿ ನಿಲ್ಲಬೇಕು. ತಟ್ಟನೆ ಮಡಚಿಕೊಂಡರೆ ಮೆತ್ತಗಾಯಿತು, ಅಲುಗದೇ ಇದ್ದರೆ ಗಡುಸಾಯಿತು.

ಅಳತೆ ಎಲ್ಲಾ ಸರಿ ಇದೆ, ಆದ್ರೂ ಹಿಂದಕ್ಕೆ ವಾಲ್ತೀನಿ, ತೊಡೆ ಉರಿಯುತ್ತೆ. ಯಾಕೆ?

ಬೂಟಿನ ಕಫ್ ನೆಟ್ಟಗೆ ನಿಂತಿರುವುದಿಲ್ಲ, ಸುಮಾರು 12ರಿಂದ 16 ಡಿಗ್ರಿ ಮುಂದಕ್ಕೆ ಬಾಗಿರುತ್ತದೆ. ನಿಮ್ಮ ಕಣಕಾಲು ಅಷ್ಟು ಮಡಚದಿದ್ದರೆ ಹಿಮ್ಮಡಿ ಮೇಲೇಳುತ್ತದೆ ಅಥವಾ ದೇಹ ಹಿಂದಕ್ಕೆ ಸರಿಯುತ್ತದೆ, ಆ ಭಾರವನ್ನು ಇಡೀ ದಿನ ತೊಡೆ ಹೊರಬೇಕಾಗುತ್ತದೆ. ಇದನ್ನು ಮನೆಯಲ್ಲೇ ತಿಳಿಯಬಹುದು: ಬರಿಗಾಲಿನಲ್ಲಿ, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಕುಕ್ಕರಗಾಲಿನಲ್ಲಿ ಕೂರಲು ಸಾಧ್ಯವೇ ನೋಡಿ. ಸಲೀಸಾಗಿ ಕೂರುವವರಿಗೆ ಕಣಕಾಲಿನ ಮಡಚುವಿಕೆ ಧಾರಾಳವಾಗಿದೆ. ಹಿಮ್ಮಡಿ ಎದ್ದುಬಿಡುವವರಿಗೆ, ವರ್ಷಾನುಗಟ್ಟಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದವರಿಗೆ, ಹಿಂದೆ ಕಣಕಾಲು ಮುರಿದಿದ್ದವರಿಗೆ ಅದು ಕಡಿಮೆ ಇರಬಹುದು. ಅಂಥವರಿಗೆ ಲೈನರ್‌ನ ಅಡಿಯಲ್ಲಿ ಹಿಮ್ಮಡಿಗೆ ಕೆಲವು ಮಿಲಿಮೀಟರ್ ಎತ್ತರದ ತುಂಡು ಇಟ್ಟರೆ ದೊಡ್ಡ ಪರಿಹಾರ ಸಿಗುತ್ತದೆ. ಮೀನಖಂಡ ದಪ್ಪವಿದ್ದು ಕಫ್ ಕಾಲನ್ನು ಅತಿಯಾಗಿ ಮುಂದೆ ದೂಡುತ್ತಿದ್ದರೂ ದೇಹ ಸಮತೋಲನಕ್ಕಾಗಿ ಹಿಂದೆ ಕೂರುತ್ತದೆ, ಆಗ ಬೇಕಾದದ್ದು ಕಫ್‌ನ ಬಾಗು ಕಡಿಮೆ ಮಾಡುವುದು. ಎರಡರಲ್ಲಿ ಯಾವುದು ಕಾರಣ ಎಂದು ನೋಡದೆ ತುಂಡು ತುರುಕಬೇಡಿ.

ಒಂದೇ ಜಾಗದಲ್ಲಿ ಒತ್ತುತ್ತೆ. ಇಲ್ಲೇ ನಮ್ಮೂರಿನ ಶೂ ರಿಪೇರಿಯವರ ಹತ್ರ ಸರಿ ಮಾಡಿಸಬಹುದಾ?

ಶೆಲ್ ಅನ್ನು ಅವರ ಕೈಗೆ ಕೊಡಬೇಡಿ. ಚರ್ಮದ ಕೆಲಸದಲ್ಲಿ ಅವರು ಎಷ್ಟೇ ನುರಿತವರಾಗಿದ್ದರೂ ಇದಕ್ಕೆ ಬೇಕಾದ ಸಲಕರಣೆ ಬೇರೆ. ಹೆಬ್ಬೆರಳಿನ ಗಂಟು, ಕಿರುಬೆರಳಿನ ಬುಡದ ಮೂಳೆ, ಕಣಕಾಲಿನ ಒಳಗಂಟು ಒತ್ತುವ ಜಾಗಗಳನ್ನು ಬೂಟ್ ಫಿಟ್ಟರ್ ಗುರುತು ಮಾಡಿ, ಪ್ಲಾಸ್ಟಿಕ್ ಅನ್ನು ಹದವಾಗಿ ಬಿಸಿ ಮಾಡಿ, ಒತ್ತುಯಂತ್ರದಿಂದ ಹೊರಕ್ಕೆ ಉಬ್ಬಿಸುತ್ತಾರೆ ಅಥವಾ ಒಳಗಿನಿಂದ ಉಜ್ಜಿ ತೆಳುಮಾಡುತ್ತಾರೆ. ಬಿಸಿ ಹೆಚ್ಚಾದರೆ ಶೆಲ್ ವಕ್ರವಾಗಿ ಮತ್ತೆ ಸರಿಹೋಗುವುದಿಲ್ಲ, ಆದ್ದರಿಂದ ಮನೆಯ ಒಲೆಯ ಮುಂದೆ ಪ್ರಯೋಗ ಬೇಡ.

ನಮ್ಮ ಕಡೆ ಮಾಡಿಸಬಹುದಾದದ್ದು ಒಂದಿದೆ: ಪಾದದ ಅಚ್ಚು ತೆಗೆದು ಮಾಡುವ ಒಳ ಅಟ್ಟೆ. ಆರ್ಥೋಟಿಕ್ ಕೆಲಸ, ಅಂದರೆ ಪಾದಕ್ಕೆ ಆಧಾರ ಕೊಡುವ ಅಟ್ಟೆಗಳನ್ನು ಮಾಡುವುದನ್ನು, ಬಲ್ಲವರ ಬಳಿ, ಬೂಟಿನೊಳಗೆ ಕೂರುವಷ್ಟು ತೆಳುವಾಗಿ ಇರಬೇಕೆಂದು ಸ್ಪಷ್ಟವಾಗಿ ಹೇಳಿ, ಲೈನರ್ ಜೊತೆಗೇ ಒಯ್ದು ಮಾಡಿಸಿ. ಕಮಾನು ತಗ್ಗಿದ ಪಾದಕ್ಕೆ ಇದರಿಂದ ಆಗುವ ಲಾಭ ನೋವು ಕಡಿಮೆಯಾಗುವುದಷ್ಟೇ ಅಲ್ಲ. ಅಟ್ಟೆ ಕಮಾನನ್ನು ಎತ್ತಿ ಹಿಡಿದಾಗ ಪಾದ ಒಳಕ್ಕೆ ಕುಸಿದು ಉದ್ದವಾಗುವುದು ನಿಲ್ಲುತ್ತದೆ, ಹಾಗಾಗಿ ಮುಂಚೆ ಬೆರಳು ಒತ್ತುತ್ತಿದ್ದ ಬೂಟೇ ಸರಿಯಾಗಿ ಕೂರಬಹುದು. ಶೆಲ್ ಉಬ್ಬಿಸುವ ಮೊದಲು ಅಟ್ಟೆ ಮಾಡಿಸಬೇಕು ಎಂದು ಫಿಟ್ಟರ್‌ಗಳು ಹೇಳುವುದು ಈ ಕಾರಣಕ್ಕೆ. ಕೆಳಗಾಲಿನ ಮುಂಭಾಗದ ಎಲುಬು ಒತ್ತಿ ನೋಯುವುದು ಬೇರೆ ಸಮಸ್ಯೆ. ಹೆಚ್ಚಿನ ಸಲ ಅದಕ್ಕೆ ಕಾರಣ ಮೇಲಿನ ಬಕಲ್ ಸಡಿಲವಿದ್ದು ಕಾಲು ನಾಲಿಗೆಗೆ ಬಡಿಯುತ್ತಿರುವುದು, ಇಲ್ಲವೇ ಕಾಲ್ಚೀಲದಲ್ಲಿ ಮಡಿಕೆ ಇರುವುದು.

ಮೊಣಕಾಲು ಆಪರೇಷನ್ ಆಗಿದೆ. ಬೂಟು ಸಡಿಲ ಇದ್ರೆ ಬಿದ್ದಾಗ ಕಾಲು ಬಿಡಿಸಿಕೊಳ್ಳುತ್ತೆ, ಒಳ್ಳೇದಲ್ವಾ?

ಇದು ಅಪಾಯಕಾರಿ ತಪ್ಪು ತಿಳಿವಳಿಕೆ. ಬಿದ್ದಾಗ ಕಾಲು ಬೂಟಿನಿಂದ ಹೊರಬರುವುದಿಲ್ಲ, ಬೂಟು ಸ್ಕೀಯಿಂದ ಕಳಚಿಕೊಳ್ಳುತ್ತದೆ. ಕಳಚುವ ಕೆಲಸ ಬೈಂಡಿಂಗ್‌ನದು, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯದು. ಬೈಂಡಿಂಗ್ ಎಷ್ಟು ಬಲಕ್ಕೆ ಕಳಚಬೇಕೆಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ರೀತಿ ಮತ್ತು ಬೂಟಿನ ತಳದ ಉದ್ದ ನೋಡಿ ನಿಗದಿಪಡಿಸುತ್ತಾರೆ. ತಳದ ಉದ್ದವನ್ನು ಬೂಟಿನ ಹಿಮ್ಮಡಿಯ ಬಳಿ ಮಿಲಿಮೀಟರ್‌ನಲ್ಲಿ ಬರೆದಿರುತ್ತದೆ. ಆದ್ದರಿಂದ ಬೂಟು ಬದಲಾದಾಗಲೆಲ್ಲ ತಂತ್ರಜ್ಞರಿಂದ ಬೈಂಡಿಂಗ್ ಅನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಗೆಳತಿಯ ಸ್ಕೀಗೆ ನಿಮ್ಮ ಬೂಟು ಸಿಕ್ಕಿಸಿ ಹೊರಟುಬಿಡಬಾರದು. 50 ವರ್ಷ ದಾಟಿದವರಿಗೆ ಬೈಂಡಿಂಗ್ ಸ್ವಲ್ಪ ಸುಲಭವಾಗಿ ಕಳಚುವಂತೆ ಇಡುವುದು ನಿಯಮವೇ ಇದೆ. ಹಾಗಾಗಿ ಅಲ್ಲಿ ವಯಸ್ಸನ್ನೂ ತೂಕವನ್ನೂ ಸಂಕೋಚವಿಲ್ಲದೆ ಇದ್ದದ್ದು ಇದ್ದಂತೆ ಹೇಳಿ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಗಾಯ ಸ್ಕೀ ಮಾಡುವ ಗಂಡಸರಿಗಿಂತ ಮಹಿಳೆಯರಲ್ಲಿ ಹೆಚ್ಚು, ಮತ್ತು ದೇಹ ಹಿಂದಕ್ಕೆ ವಾಲಿದಾಗ ಅದರ ಮೇಲೆ ಎಳೆತ ಬೀಳುತ್ತದೆ. ಹಿಮ್ಮಡಿ ಭದ್ರವಾಗಿ ಕೂರುವ, ನಿಮ್ಮನ್ನು ಮುಂದಕ್ಕೆ ನಿಲ್ಲಿಸುವ ಬೂಟು ಆಪರೇಷನ್ ಆದ ಮೊಣಕಾಲಿಗೆ ಇನ್ನೂ ಹೆಚ್ಚು ಅಗತ್ಯ. ಹಿಮಕ್ಕೆ ಮರಳಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ನಿಮ್ಮ ಶಸ್ತ್ರಚಿಕಿತ್ಸಕರೇ ತೀರ್ಮಾನಿಸಬೇಕು.

ಗ್ರಿಪ್‌ವಾಕ್, ಟೂರಿಂಗ್, ಕ್ರಾಸ್ ಕಂಟ್ರಿ ಅಂತೆಲ್ಲಾ ಇದೆ. ನಾನು ಬಿಟ್ಟಾಗ ಇವೆಲ್ಲಾ ಇರಲೇ ಇಲ್ಲ.

ಹಿಂದೆ ಇಳಿಜಾರು ಸ್ಕೀಯಿಂಗ್ ಬೂಟಿನ ತಳ ಚಪ್ಪಟೆಯಾಗಿ ಗಟ್ಟಿಯಾಗಿ ಇರುತ್ತಿತ್ತು. ಗ್ರಿಪ್‌ವಾಕ್ ತಳ ಸ್ವಲ್ಪ ಬಾಗಿ, ರಬ್ಬರಿನ ಹಿಡಿತ ಹೊಂದಿರುವುದರಿಂದ ನಡೆಯುವಾಗ ಜಾರುವುದು ಕಡಿಮೆ. ಇದನ್ನು ಎಲ್ಲ ಹಳೆಯ ಬೈಂಡಿಂಗ್‌ಗಳೂ ಸ್ವೀಕರಿಸುವುದಿಲ್ಲ, ಆದ್ದರಿಂದ ಬಾಡಿಗೆ ಸ್ಕೀ ಪಡೆಯುವಾಗ ಕೇಳಿ ಖಚಿತಪಡಿಸಿಕೊಳ್ಳಿ. ಟೂರಿಂಗ್ ಬೂಟು ಹಿಮದ ಬೆಟ್ಟವನ್ನು ಸ್ಕೀ ಮೇಲೆಯೇ ಹತ್ತುವವರಿಗೆ ಬೇಕಾದದ್ದು, ಮರಳುವ ವರ್ಷ ಅದು ಬೇಡ. ಕ್ರಾಸ್ ಕಂಟ್ರಿ ಬೂಟು ಬೇರೆಯೇ ಕ್ರೀಡೆಯದು: ಹಗುರ, ಮೃದು, ಬೆರಳ ತುದಿಯಲ್ಲಿ ಮಾತ್ರ ಸ್ಕೀಗೆ ಸಿಕ್ಕಿಕೊಂಡು ಹಿಮ್ಮಡಿ ಮೇಲೇಳುವಂಥದ್ದು. ನಮ್ಮ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಭಾರತವನ್ನು ಪ್ರತಿನಿಧಿಸಿರುವುದು ಈ ಕ್ರೀಡೆಯಲ್ಲಿ. ಅವರನ್ನು ನೋಡಿ ಸ್ಫೂರ್ತಿಗೊಂಡು ಬೂಟು ಹುಡುಕುವವರು ಯಾವ ಬಗೆಯ ಸ್ಕೀಯಿಂಗ್ ಎಂಬುದನ್ನು ಮೊದಲು ನಿರ್ಧರಿಸಬೇಕು.

ಹಾಸನದಲ್ಲಿ, ಚಿಕ್ಕಮಗಳೂರಲ್ಲಿ ಸ್ಕೀ ಬೂಟು ಎಲ್ಲಿ ಸಿಗುತ್ತೆ? ಆನ್‌ಲೈನ್ ತರಿಸಿದ್ರೆ ಸಾಕಾ?

ಹಾಕಿ ನೋಡದೆ ಕೊಳ್ಳುವುದನ್ನು ನಾನು ಕೊನೆಯ ದಾರಿಯೆಂದೇ ಹೇಳುತ್ತೇನೆ. ವಿದೇಶಕ್ಕೆ ಸ್ಕೀಯಿಂಗ್‌ಗೆಂದೇ ಹೋಗುವವರು ಅಲ್ಲಿಯ ಪರಿಣತ ಫಿಟ್ಟರ್ ಬಳಿ ಮೊದಲ ದಿನವೇ ಕೊಂಡು, ಉಳಿದ ದಿನಗಳಲ್ಲಿ ಬಳಸಿ, ಒತ್ತುವ ಜಾಗಗಳನ್ನು ಹೊರಡುವ ಮೊದಲು ಸರಿಪಡಿಸಿಕೊಳ್ಳುವುದು ಅತ್ಯುತ್ತಮ. ಆನ್‌ಲೈನ್‌ನಲ್ಲೇ ತರಿಸಬೇಕಾದರೆ ಹಿಂದಿರುಗಿಸುವ ಅವಕಾಶ ಇರುವ ಕಡೆಯಿಂದ, ಹತ್ತಿರದ ಎರಡು ಅಳತೆಗಳನ್ನು ತರಿಸಿ. ಶೆಲ್ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ, ಬೂಟಿನ ತಳ ಕೊಳೆಯಾಗದಂತೆ ಜಮಖಾನದ ಮೇಲೆ ನಿಂತು, ಟಿವಿ ನೋಡುತ್ತಲೋ ಫೋನಿನಲ್ಲಿ ಮಾತಾಡುತ್ತಲೋ ಒಂದು ಗಂಟೆ ಹಾಕಿಕೊಂಡಿರಿ. ನುಣುಪಾದ ಕಾವಿ ನೆಲದಲ್ಲೂ ಟೈಲ್ಸ್ ಮೇಲೂ ಈ ಬೂಟು ಜಾರುತ್ತದೆ, ಎಚ್ಚರ. ಪ್ರಯಾಣದಲ್ಲಿ ಬೂಟನ್ನು ಕೈಚೀಲದಲ್ಲಿ ಒಯ್ಯಲು ಬಿಡುತ್ತಾರೆಯೇ ಎಂದು ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸಿ. ಸಾಮಾನು ಕಳೆದುಹೋದರೆ ಬಟ್ಟೆ ಅಲ್ಲೇ ಸಿಗುತ್ತದೆ, ನಿಮ್ಮ ಕಾಲಿಗೆ ಹೊಂದಿಸಿದ ಬೂಟು ಸಿಗುವುದಿಲ್ಲ.

ಇಷ್ಟೆಲ್ಲಾ ಮಾಡಿ ತಂದ ಬೂಟನ್ನ ನಮ್ಮ ಮಳೆಗಾಲದಲ್ಲಿ ಹೇಗೆ ಕಾಪಾಡೋದು?

ಊರಿಗೆ ಬಂದ ದಿನವೇ ಲೈನರ್ ಮತ್ತು ಅಟ್ಟೆಯನ್ನು ಹೊರತೆಗೆದು ನೆರಳಿನಲ್ಲಿ, ಫ್ಯಾನ್ ಗಾಳಿಗೆ ಎರಡು ಮೂರು ದಿನ ಆರಲು ಬಿಡಿ. ಬಚ್ಚಲ ಒಲೆಯ ಬಳಿ, ಕಾಫಿ ಒಣಗಿಸುವ ಕಣದ ಬಿಸಿಲಲ್ಲಿ ಇಡಬೇಡಿ. ಬಿಸಿಗೆ ಲೈನರ್‌ನ ಫೋಮ್ ಆಕಾರ ಕಳೆದುಕೊಳ್ಳುತ್ತದೆ. ಶೆಲ್ ಅನ್ನು ಒದ್ದೆ ಬಟ್ಟೆಯಿಂದ ಒರೆಸಿ ಆರಿಸಿ. ಪೂರ್ತಿ ಒಣಗಿದ ಮೇಲೆ ಲೈನರ್ ಹಾಕಿ, ಬಕಲ್‌ಗಳನ್ನು ಮೊದಲ ಹಲ್ಲಿಗೆ ಹಗುರವಾಗಿ ಸಿಕ್ಕಿಸಿಡಿ, ಇಲ್ಲವಾದರೆ ಶೆಲ್ ಬಾಯಿ ತೆರೆದ ಆಕಾರದಲ್ಲೇ ಉಳಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಅಟ್ಟಕ್ಕೂ ಗೋದಾಮಿಗೂ ಕಳಿಸದೆ ಮಲಗುವ ಕೋಣೆಯ ಬೀರುವಿನಲ್ಲಿಡಿ. ಜೂನ್‌ನಿಂದ ತಿಂಗಳಿಗೊಮ್ಮೆ ಡಬ್ಬ ತೆರೆದು ಪೊಟ್ಟಣಗಳನ್ನು ಬದಲಾಯಿಸಿ, ಬೂಸ್ಟಿನ ವಾಸನೆ ಬಂದರೆ ಲೈನರ್ ತೆಗೆದು ಮತ್ತೆ ಗಾಳಿಗಿಡಿ. ನವೆಂಬರ್‌ನಲ್ಲಿ, ಟಿಕೆಟ್ ಕಾಯ್ದಿರಿಸುವ ಮೊದಲು, ಬಕಲ್‌ಗಳ ರಿವೆಟ್, ತಳದ ಸವೆತ, ಶೆಲ್ ಮೇಲಿನ ಸಣ್ಣ ಬಿರುಕುಗಳನ್ನು ಹಗಲು ಬೆಳಕಿನಲ್ಲಿ ನೋಡಿ. ಬಿರುಕು ಕಂಡರೆ ಆ ಬೂಟನ್ನು ಮತ್ತೆ ಹಿಮಕ್ಕೆ ಒಯ್ಯಬೇಡಿ.